ಗೇಟಿಗೆ ಯಾರು ಬರುತ್ತಾರೆ? ಕೊಡಗಿನ ಒಂದು ಗುಪ್ತ ಮಾಯಾಶಾಲೆಗೆ ಹೆಸರು ಹುಡುಕಿದ ಪ್ರಕರಣ

ಹಿನ್ನೆಲೆ

ಇದು ಮಕ್ಕಳಿಗಾಗಿ ಬರೆದ ಒಂದು ಮಾಯೆಯ ಕಾದಂಬರಿಯ ಪ್ರಕರಣ. ಲೇಖಕಿ ಕೊಡಗಿನವರು. ಅವರ ಹೆಸರು, ಊರು, ಕೆಲಸ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಕಾದಂಬರಿಯಲ್ಲಿರುವ ಹೆಸರುಗಳನ್ನೂ ಅವರ ಒಪ್ಪಿಗೆ ಪಡೆದು ಸ್ವಲ್ಪ ಬದಲಿಸಿದ್ದೇನೆ. ಒಂದೊಂದು ಹೆಸರೂ ಯಾವ ಬಗೆಯದಾಗಿತ್ತೋ ಆ ಬಗೆ ಮಾತ್ರ ಹಾಗೇ ಇದೆ. ಹಸ್ತಪ್ರತಿ ತಿದ್ದುವ ಕೆಲಸದಲ್ಲಿ ನಾನು ಮೊದಲಿನಿಂದ ಜೊತೆಗಿದ್ದೆ. ಹಾಗಾಗಿ ಯಾವ ನಿರ್ಧಾರ ಯಾಕೆ ಆಯಿತು ಅನ್ನುವುದು ಹತ್ತಿರದಿಂದ ಗೊತ್ತು.

ಕತೆ ಇಷ್ಟು. ಕೊಡಗಿನ ಕೆಲವು ಮಕ್ಕಳಿಗೆ ಮಳೆಯ ಜೊತೆ ಮಾತಾಡುವ ಶಕ್ತಿ ಇದೆ. ಅವರು ಮಳೆ ಕರೆಯಬಲ್ಲರು, ತಡೆಯಬಲ್ಲರು, ಪಕ್ಕದ ಕಣಿವೆಗೆ ಸರಿಸಬಲ್ಲರು. ಅವರಿಗೆ ಕಲಿಸುವ ಒಂದು ಜಾಗ ಇದೆ. ಅದು ಹೊರಗಿನವರಿಗೆ ಗೊತ್ತಾದರೆ ಅನಾಹುತ. ಯಾಕೆ ಅಂತ ಕಾಫಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಫಿ ಹೂ ಅರಳಿಸುವ ಫೆಬ್ರವರಿ, ಮಾರ್ಚಿನ ಹೂಮಳೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಆ ವರ್ಷದ ಫಸಲು ಕೈಬಿಟ್ಟ ಹಾಗೇ. ಮಳೆ ತರಿಸುವ ಹುಡುಗಿಯೊಬ್ಬಳು ಇದ್ದಾಳೆ ಅಂತ ಗೊತ್ತಾದರೆ ತೋಟದವರು ಸುಮ್ನೆ ಬಿಡುತ್ತಾರಾ? ಕಾವೇರಿಯ ನೀರನ್ನೇ ನಂಬಿರುವ ಕೆಳಗಿನ ಊರುಗಳು ಬಿಡುತ್ತವಾ?

ಕಥಾನಾಯಕಿ ಏಳನೇ ಕ್ಲಾಸಿನವಳು, ತೋಟದ ಕೂಲಿಯವರು ಇರುವ ಲೈನ್‌ಮನೆಯಲ್ಲಿ ಬೆಳೆದವಳು. ಆ ಜಾಗದ ಮುಂದೆಯೇ ದಿನಾ ನಡೆದು ಹೋಗುತ್ತಾಳೆ. ಅದು ಏನು ಅಂತ ಅವಳಿಗೆ ಗೊತ್ತಿಲ್ಲ, ಓದುಗರಿಗೂ ಗೊತ್ತಾಗಬಾರದು. ಗುಟ್ಟು ಬಿಚ್ಚಿಕೊಳ್ಳುವುದು ಪುಸ್ತಕದ ನಡುವಿನಲ್ಲಿ. ಅದಾದ ಮೇಲೆ ಇನ್ನೊಂದು ಗುಟ್ಟು ಇದೆ. ಅದು ಪುಸ್ತಕಕ್ಕೇ ಇರಲಿ.

ತೊಡಕು

ಮೊದಲ ಕರಡಿನಲ್ಲಿ ಆ ಜಾಗದ ಹೆಸರು ‘ಗುಪ್ತಗಾಮಿನಿ ವಿದ್ಯಾಪೀಠ’. ಹೆಸರಿನ ಹಿಂದೆ ಒಳ್ಳೆಯ ಯೋಚನೆಯೇ ಇತ್ತು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಎರಡೂ ಕಣ್ಣಿಗೆ ಕಾಣುವ ಹಾಗೆ ಸೇರುತ್ತವೆ. ಮೂರನೆಯದಾದ ಸುಜ್ಯೋತಿ ನೆಲದಡಿ ಹರಿದು ಬಂದು ಸೇರುತ್ತದೆ ಅನ್ನುವುದು ನಂಬಿಕೆ. ಕಾಣದ ನದಿಯ ಹೆಸರು ಕಾಣದ ಶಾಲೆಗೆ. ಓದಿದಾಗ ನನಗೂ ಇಷ್ಟವಾಯಿತು.

ಮೊದಲು ಓದಿದವರಲ್ಲಿ ಒಬ್ಬರು ವಯಸ್ಸಾದ ಬೆಳೆಗಾರರು. ಅವರು ಮಾಯೆಯ ಕತೆಗಳನ್ನು ಓದುವವರಲ್ಲ. ಅದೇ ಒಳ್ಳೆಯದಾಯಿತು. ಅವರು ಲೇಖಕಿಯನ್ನು ಕೇಳಿದ್ದು ಒಂದೇ ಮಾತು: ‘ಅಲ್ಲಮ್ಮಾ, ಈ ಬೋರ್ಡು ನೋಡಿ ಗೇಟಿಗೆ ಯಾರ್ಯಾರು ಬರ್ತಾರೆ ಅಂತ ಯೋಚನೆ ಮಾಡಿದ್ದೀಯಾ?’

ಯೋಚಿಸಿ ನೋಡಿದರೆ ದೊಡ್ಡ ಗುಂಪೇ ಬರುತ್ತದೆ. ಪೀಠ ಅಂದರೆ ಮಠ ಅಂದುಕೊಂಡು ಹರಕೆ ಹೊತ್ತವರು ಬರುತ್ತಾರೆ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು ದಾರಿಯಲ್ಲಿ ಇಳಿಯುತ್ತಾರೆ. ಮಗನಿಗೆ ಸೀಟು ಸಿಗುತ್ತದಾ ಅಂತ ಕೇಳುವವರು ಬರುತ್ತಾರೆ. ಗುಪ್ತ ಅನ್ನುವ ಮಾತು ನೋಡಿ ಕುತೂಹಲದವರು ಬರುತ್ತಾರೆ. ಕತೆಯೊಳಗಿನ ಜನ ಇಷ್ಟೂ ಮಾಡದೆ ಸುಮ್ಮನಿದ್ದರೆ ಓದುಗರು ನಂಬುವುದಿಲ್ಲ.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಅದುವರೆಗೆ ನಾವು ಹೆಸರಿನ ಅರ್ಥವನ್ನು ನೋಡುತ್ತಿದ್ದೆವು. ಅರ್ಥ ಎಷ್ಟು ಮುಚ್ಚಿಕೊಂಡಿದೆ, ಎಷ್ಟು ಸುಳಿವು ಕೊಡುತ್ತದೆ ಅಂತ ಚರ್ಚೆ ಮಾಡುತ್ತಿದ್ದೆವು. ಇನ್ನು ಮುಂದೆ ಒಂದೊಂದು ಹೆಸರಿಗೂ ಗೇಟಿನ ಪರೀಕ್ಷೆ. ಯಾವ ಹೆಸರಾದರೂ ಯಾರನ್ನೋ ಕರೆಯುತ್ತದೆ. ಯಾರನ್ನೂ ಕರೆಯದ ಹೆಸರು ಇಲ್ಲ. ಬಂದವರನ್ನು ಅನುಮಾನ ಬಾರದ ಹಾಗೆ ವಾಪಸ್ ಕಳಿಸಲು ಆಗುತ್ತದಾ ಅನ್ನುವುದೇ ಪ್ರಶ್ನೆ.

ಏನೇನು ಮಾಡಿ ನೋಡಿದೆವು

ಲೇಖಕಿ ಮೊದಲು ಹೋಗಿದ್ದು ತೀರಾ ವಿರುದ್ಧ ದಿಕ್ಕಿಗೆ. ಹೆಸರೇ ಬೇಡ, ಬರೀ ನಂಬರ್ ಇರಲಿ ಅಂದರು. ‘ಘಟಕ 9’. ಇದಕ್ಕೆ ಕೊಡಗಿನಲ್ಲಿ ಅರ್ಧ ದಿನವೂ ಆಯಸ್ಸಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ ಇದು. ಸೈನ್ಯದಲ್ಲಿ ಇದ್ದು ಬಂದವರು ಊರೂರಿಗೂ ಇದ್ದಾರೆ. ನಂಬರ್ ಇರುವ ಬೋರ್ಡು ಕಂಡರೆ ಮೊದಲು ನಿಲ್ಲುವವರೇ ಅವರು. ಯಾವ ರೆಜಿಮೆಂಟು, ಯಾರು ಕಮಾಂಡಿಂಗ್ ಆಫೀಸರ್ ಅಂತ ಕೇಳುತ್ತಾರೆ. ನಿವೃತ್ತ ಸುಬೇದಾರರೊಬ್ಬರು ಕರಡು ಓದಿ ನಿಜವಾಗಿಯೂ ಅದನ್ನೇ ಕೇಳಿದರು.

ಗುಟ್ಟಿನ ಜಾಗಕ್ಕೆ ಗುಟ್ಟಿನ ಹೆಸರು ಬೇಕಿಲ್ಲ ಅನ್ನುವುದಕ್ಕೆ ಕೊಡಗಿನಲ್ಲೇ ಒಂದು ಸಾಕ್ಷಿ ಇದೆ. ಕಕ್ಕಬ್ಬೆಯ ಹತ್ತಿರ ಯವಕಪಾಡಿಯಲ್ಲಿ, 1748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರಲ್ಲಿ ಒಂದು ಅರಮನೆ ಕಟ್ಟಿಸಿದ. ಸುತ್ತ ದಟ್ಟ ಕಾಡು. ಶತ್ರುಗಳಿಂದ ತಪ್ಪಿಸಿಕೊಳ್ಳಲು ಹೇಳಿ ಮಾಡಿಸಿದ ಜಾಗ. ಕೊನೆಯ ಅರಸ ಚಿಕ್ಕವೀರರಾಜೇಂದ್ರನೂ 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಇಲ್ಲಿಗೇ ಬಂದ. ಅದರ ಹೆಸರು ಏನು? ನಾಲ್ಕುನಾಡು ಅರಮನೆ. ಅದು ಯಾವ ನಾಡಿನಲ್ಲಿದೆಯೋ ಆ ನಾಡಿನ ಹೆಸರು, ಅಷ್ಟೇ. ಅಡಗುವುದರ ಸುಳಿವು ಒಂದಕ್ಷರವೂ ಇಲ್ಲ. ಲೇಖಕಿಗೆ ಇದು ತುಂಬಾ ಹಿಡಿಸಿತು. ಊರಿನ ಹೆಸರು, ಮುಂದೆ ಏನು ಕೆಲಸ ಅನ್ನುವ ಒಂದು ಸಾದಾ ಮಾತು. ಹೆಸರಿನ ಅಚ್ಚು ಅಲ್ಲಿಗೆ ಸಿಕ್ಕಿತು.

ಊರಿನ ಹೆಸರು ಯಾವುದು? ನಿಜವಾದ ಊರು ಬೇಡ ಅಂತ ಬೇಗ ತೀರ್ಮಾನವಾಯಿತು. ವಾರದ ಕೊನೆಗೆ ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಹೊತ್ತು ಹತ್ತುವ ಜೀಪುಗಳನ್ನು ನೋಡಿದವರಿಗೆ ಕಾರಣ ಗೊತ್ತು: ನಿಜವಾದ ಹೆಸರು ಸಿಕ್ಕಿದರೆ ಜನ ಹುಡುಕಿಕೊಂಡು ಬರುತ್ತಾರೆ. ದೇವರಕಾಡಿನೊಳಗೆ ಇಡುವ ಯೋಚನೆಯೂ ಒಮ್ಮೆ ಬಂದಿತ್ತು. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಆದರೆ ಒಂದೊಂದಕ್ಕೂ ಅದರದ್ದೇ ಊರು, ದೇವರು, ಕಟ್ಟುಪಾಡು ಇದೆ. ಅಲ್ಲಿ ಕತೆಯ ಮಕ್ಕಳನ್ನು ಓಡಾಡಿಸುವುದು ಸರಿಯಲ್ಲ ಅಂತ ಲೇಖಕಿಯೇ ಬಿಟ್ಟರು. ಮನೆತನದ ಹೆಸರೂ ಬೇಡ ಅಂದರು. ಕಟ್ಟಿದ ಹೆಸರು ಯಾವುದೋ ಒಕ್ಕದ ಹೆಸರಿಗೆ ತಾಗಿದರೆ ಆ ಮನೆಯವರಿಗೆ ನೋವಾಗುತ್ತದೆ. ಕೊನೆಗೆ ತೊರೆ ಹರಿಯುವ ತಗ್ಗಿಗೆ ಇಲ್ಲಿನವರು ಹೇಳುವ ಮಾತಿನಿಂದ ಒಂದು ಹೆಸರು ಕಟ್ಟಿದೆವು: ಕೆಳಕೊಲ್ಲಿ.

ಮುಂದಿನ ಪ್ರಯತ್ನ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೆಳಕೊಲ್ಲಿ’. ಇದು ಗೆದ್ದೇ ಬಿಟ್ಟಿತು ಅಂದುಕೊಂಡಿದ್ದೆವು. ಸ.ಹಿ.ಪ್ರಾ. ಶಾಲೆ ಅನ್ನುವ ಬೋರ್ಡನ್ನು ಯಾರು ತಿರುಗಿ ನೋಡುತ್ತಾರೆ? ಆಗ ಓದುಗರಲ್ಲಿ ಇದ್ದ ಒಬ್ಬ ಶಿಕ್ಷಕಿ ಒಂದೊಂದೇ ಎಳೆ ಬಿಡಿಸಿದರು. ಪ್ರತಿ ಶಾಲೆಗೂ ಸರ್ಕಾರದ ಪಟ್ಟಿಯಲ್ಲಿ 11 ಅಂಕಿಯ ಗುರುತಿನ ಸಂಖ್ಯೆ, ಯು-ಡೈಸ್ ಸಂಖ್ಯೆ, ಇರುತ್ತದೆ. ಮಗು ಬೇರೆ ಶಾಲೆಯಿಂದ ಬಂದರೆ ವರ್ಗಾವಣೆ ಪತ್ರ ಬೇಕು. ಮಕ್ಕಳ ದಾಖಲೆ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಹೆಸರು ಬದಲಾಗಬೇಕು. ಬಿಸಿಯೂಟದ ಲೆಕ್ಕ ಕೊಡಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ತಪಾಸಣೆಗೆ ಬರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಅವರು ಕೊನೆಗೆ ಕೇಳಿದ ಪ್ರಶ್ನೆ. ಚುನಾವಣೆ ಬಂದರೆ ಮತಗಟ್ಟೆ ಎಲ್ಲಿ ಮಾಡುತ್ತಾರೆ? ಸರ್ಕಾರಿ ಶಾಲೆಯಲ್ಲೇ ಅಲ್ವಾ? ಇಡೀ ಊರು ಬೆರಳಿಗೆ ಶಾಯಿ ಹಾಕಿಸಿಕೊಳ್ಳಲು ಮಾಯಾಶಾಲೆಯ ಮುಂದೆ ಸಾಲು ನಿಲ್ಲುತ್ತದೆ.

ಇಲ್ಲಿ ಆಗಿದ್ದು ಮೊದಲ ದೊಡ್ಡ ತಿರುವು. ಹೆಸರಿನಿಂದ ಶಾಲೆ ಅನ್ನುವ ಮಾತನ್ನೇ ತೆಗೆಯುವುದು ಅಂತ ನಿರ್ಧಾರವಾಯಿತು. ಮಾಯೆಯನ್ನು ಮುಚ್ಚುವುದು ಆಮೇಲಿನ ಮಾತು. ಕಲಿಸುವುದನ್ನೇ ಮುಚ್ಚಬೇಕಿತ್ತು. ಹಾಗಾದರೆ ಮಕ್ಕಳು ಅಲ್ಲಿಗೆ ಯಾವಾಗ ಬರುತ್ತಾರೆ? ವರ್ಷವಿಡೀ ಅಲ್ಲಿದ್ದರೆ ತಮ್ಮ ಶಾಲೆಯಲ್ಲಿ ಗೈರುಹಾಜರಿ. ಇದಕ್ಕೆ ಉತ್ತರ ಕೊಡಗಿನ ಮಳೆಗಾಲವೇ ಕೊಟ್ಟಿತು. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಕತೆಯ ಮಕ್ಕಳು ಬರುವುದು ಆ ಮಳೆ ರಜೆಯ ದಿನಗಳಲ್ಲಿ ಮಾತ್ರ. ಮಳೆ ಕಲಿಯುವವರಿಗೆ ಮಳೆ ಇರುವ ದಿನವೇ ಬೇಕು. ಊರಿನ ಉಳಿದ ಮಕ್ಕಳು ಮನೆಯೊಳಗೆ ಇರುವ ದಿನವೂ ಅದೇ. ಮೂಲ ಕರಡಿನಲ್ಲಿದ್ದ ಹಾಸ್ಟೆಲ್, ವಾರ್ಡನ್, ಊಟದ ಹಾಲ್ ಎಲ್ಲಾ ಬಿದ್ದುಹೋಯಿತು. ಕತೆಯ ನಡಿಗೆಯೂ ಚುರುಕಾಯಿತು.

ಒಂದು ನಿರ್ಧಾರವನ್ನು ಇಲ್ಲೇ ಹೇಳಬೇಕು. ಮೊದಲು ಆ ಜಾಗ ಬೆಟ್ಟದ ತುದಿಯಲ್ಲಿತ್ತು. ಮಂಜು, ಕಡಿದಾದ ದಾರಿ, ಎಲ್ಲಾ ಇತ್ತು. ಆದರೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಬಂದಿದ್ದನ್ನು ಈ ಪುಸ್ತಕ ಓದುವ ಮಕ್ಕಳಲ್ಲಿ ಕೆಲವರು ಕಣ್ಣಾರೆ ನೋಡಿದ್ದಾರೆ. ಜೋರು ಮಳೆಯಲ್ಲಿ ಮಕ್ಕಳು ಬೆಟ್ಟ ಹತ್ತುವುದನ್ನು ಅವರು ಸಾಹಸ ಅಂತ ಓದುವುದಿಲ್ಲ. ಮಳೆ ರಜೆ ಕೊಡುವುದೇ ಅವರು ಕ್ಷೇಮವಾಗಿರಲಿ ಅಂತ. ಲೇಖಕಿ ಜಾಗವನ್ನು ಕೆಳಗೆ ಇಳಿಸಿದರು. ಗದ್ದೆಯ ಆಚೆ, ಮನೆಗಳಿಂದ ಕೂಗಳತೆಯ ದೂರ, ರಸ್ತೆ ಪಕ್ಕದ ಒಂದು ಹಳೆಯ ಕಟ್ಟಡ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಇದು. ಆದರೆ ಇದರಿಂದ ಹೆಸರಿನ ಮೇಲಿನ ಭಾರ ಜಾಸ್ತಿಯಾಯಿತು. ಕಾಡು, ಬೆಟ್ಟ ಇನ್ನು ಮರೆಮಾಡುವುದಿಲ್ಲ. ಬೋರ್ಡು ಒಂದೇ ಮರೆಮಾಡಬೇಕು.

ಜೇನು

ಅಕ್ಕಪಕ್ಕದವರ ಕಣ್ಣಿಗೆ ಏನೇನು ಕಾಣುತ್ತದೆ ಅಂತ ಲೇಖಕಿ ಬರೆದುಕೊಂಡರು. ಮಕ್ಕಳು ಬಂದು ಹೋಗುತ್ತಾರೆ. ಹೊಗೆ ಏಳುತ್ತದೆ. ಒಳಗಿನಿಂದ ಒಂದು ಗುಂಯ್ ಅನ್ನುವ ಸದ್ದು. ಕೆಲವರು ಮುಖ ಮುಚ್ಚಿಕೊಂಡಿರುತ್ತಾರೆ. ಹತ್ತಿರ ಬರಬೇಡಿ ಅನ್ನುತ್ತಾರೆ. ಇಷ್ಟನ್ನೂ ಒಟ್ಟಿಗೆ ವಿವರಿಸುವ ಕೆಲಸ ಯಾವುದು? ಪ್ರಶ್ನೆ ಹೀಗೆ ಇಟ್ಟಾಗ ಉತ್ತರ ತಾನಾಗಿ ಬಂತು. ‘ಜೇನು ಕೃಷಿ ಕೇಂದ್ರ, ಕೆಳಕೊಲ್ಲಿ’.

ಹೊರಗಿನವರು ನೋಡಿದ ಆಕಾರಕ್ಕೆ ಹೆಸರು ಹೊಂದಬೇಕು ಅನ್ನುವುದು ಯುದ್ಧದ ಗುಟ್ಟುಗಳಲ್ಲೂ ಪಾಲಿಸಿದ ಕ್ರಮ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೊಸ ಕವಚದ ವಾಹನ ಮಾಡುವಾಗ ಅದನ್ನು ನೀರು ಸಾಗಿಸುವ ಟ್ಯಾಂಕು ಅಂತ ಹೇಳಿಕೊಂಡರು. ಅಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ನೋಡಿದವರು ಅದನ್ನು ನಂಬುವಂತಿತ್ತು. 1916ರ ಸೆಪ್ಟೆಂಬರಿನಲ್ಲಿ ಅದು ರಣರಂಗಕ್ಕೆ ಇಳಿದ ಮೇಲೂ ಟ್ಯಾಂಕ್ ಅನ್ನುವ ಹೆಸರೇ ಉಳಿಯಿತು.

ಕೊಡಗಿಗೆ ಜೇನು ಹೊಸದಲ್ಲ. ಭಾಗಮಂಡಲದ ಜೇನಿಗೆ ದೊಡ್ಡ ಹೆಸರಿದೆ. ತುಡುವೆ ಜೇನಿನ ಪೆಟ್ಟಿಗೆಗಳು ತೋಟಗಳಲ್ಲಿ ಸಾಮಾನ್ಯ. ಹಾಗಾಗಿ ಬೋರ್ಡು ಯಾರ ಕಣ್ಣಿಗೂ ಕುಕ್ಕುವುದಿಲ್ಲ. ಆದರೆ ಗೇಟಿನ ಪರೀಕ್ಷೆ ಇನ್ನೂ ಬಾಕಿ ಇತ್ತು. ಇದಕ್ಕೆ ಯಾರು ಬರುತ್ತಾರೆ?

ಮೊದಲು ಪ್ರವಾಸಿಗಳು. ಜೇನುತುಪ್ಪ ಕೊಳ್ಳದೆ ಕೊಡಗಿನಿಂದ ವಾಪಸಾಗುವವರು ಕಡಿಮೆ. ಲೇಖಕಿ ಮೊದಲು ‘ಮಾರಾಟಕ್ಕಿಲ್ಲ’ ಅಂತ ಬರೆಸಿದರು. ಅದು ಕೆಲಸ ಮಾಡಲಿಲ್ಲ. ಇಲ್ಲ ಅಂದರೆ ಜನ ಇನ್ನೂ ನಿಂತು ಕೇಳುತ್ತಾರೆ, ಒಳಗೆ ಇರಬಹುದು ಅಂದುಕೊಳ್ಳುತ್ತಾರೆ. ಆಮೇಲೆ ಒಬ್ಬ ಅಜ್ಜನನ್ನು ಗೇಟಿನ ಪಕ್ಕ ಕೂರಿಸಿದರು. ನಾಲ್ಕು ಬಾಟಲಿ ಜೇನು ಅವರ ಮುಂದೆ ಇರುತ್ತದೆ. ಕೇಳಿದವರಿಗೆ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುತ್ತಾರೆ, ಬಂದವರು ಖುಷಿಯಾಗಿ ಹೋಗುತ್ತಾರೆ. ಎರಡನೆಯ ತಿರುವು ಇದು. ಬೋರ್ಡಿನಲ್ಲಿ ಬರೆದ ಕೆಲಸ ಸ್ವಲ್ಪವಾದರೂ ನಿಜವಾಗಿ ನಡೆಯಬೇಕು. ಹಿಂದೆ ಆರು ಪೆಟ್ಟಿಗೆ ಇರಬೇಕು, ಅದರಲ್ಲಿ ಹುಳು ಇರಬೇಕು. ಅಜ್ಜ ಸುಮ್ನೆ ನಿಲ್ಲಿಸಿದ ಪಾತ್ರವಾಗಿ ಬಂದವರು. ಕೊನೆಗೆ ಪುಸ್ತಕದ ಅತ್ಯಂತ ಜೀವಂತ ಪಾತ್ರ ಅವರೇ ಆದರು.

ಎರಡನೆಯ ಗುಂಪು ಹೆಚ್ಚು ಅಪಾಯದ್ದು: ಜೇನು ಸಾಕುವವರು. ಅವರಿಗೆ ಕಸುಬು ಗೊತ್ತು. ಪೆಟ್ಟಿಗೆಯೊಳಗಿನ ಒಂದು ಚೌಕಟ್ಟು ಎತ್ತಿ ನೋಡಿದರೆ ಸಾಕು, ಇಲ್ಲಿ ಏನೋ ಸರಿಯಿಲ್ಲ ಅಂತ ತಿಳಿಯುತ್ತದೆ. ಯಾವ ಸುಳ್ಳು ಹೆಸರಿಗೂ ಆ ಕಸುಬಿನವರೇ ದೊಡ್ಡ ಶತ್ರು. ಅವರನ್ನು ತಡೆಯುವ ಕಾರಣ ಅವರ ಕಸುಬಿನ ಒಳಗಿನಿಂದಲೇ ಬರಬೇಕು. ಇದಕ್ಕೆ ಲೇಖಕಿ ಹಳೆಯ ಜೇನು ಸಾಕಣೆದಾರರ ಹತ್ತಿರ ಕೂತು ಮಾತಾಡಿದರು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿದು, ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿದ್ದವು. ಮರಿಹುಳು ಗೂಡಿನೊಳಗೇ ಸಾಯುವ ರೋಗ ಅದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ‘ಮರಿಗೆ ರೋಗ ಬಂದ ಹಾಗಿದೆ, ನೋಡ್ತಾ ಇದ್ದೀವಿ’ ಅಂತ ಅಜ್ಜ ಹೇಳಿದರೆ ಜೇನು ಸಾಕುವವರು ಗೇಟಿನಿಂದಲೇ ಹಿಂದೆ ಸರಿಯುತ್ತಾರೆ. ಬೇರೆಯವರಿಗೆ ಅದು ಅರ್ಥವಾಗದ ಮಾತು. ತಿಳಿದವರಿಗೆ ಹೆದರಿಕೆಯ ಮಾತು. ಕಟ್ಟಡ ಹಳೆಯದಾಗಿ, ಅರ್ಧ ಮುಚ್ಚಿದ ಹಾಗೆ ಇರುವುದಕ್ಕೂ ಅದೇ ರೋಗದ ವರ್ಷಗಳು ಕಾರಣ ಅಂತ ಕತೆಯಲ್ಲಿ ಬಂತು.

ಇಷ್ಟಾದ ಮೇಲೆ ಮೊದಲಿನ ಬೆಳೆಗಾರರು ಮತ್ತೆ ಒಂದು ಕಲ್ಲು ಹಾಕಿದರು. ‘ಮಳೆಗಾಲದಲ್ಲಿ ಜೇನಿನ ಹತ್ತಿರ ಮಕ್ಕಳಿಗೆ ಏನು ಕೆಲಸ?’ ಮಾತು ಸರಿ. ಇಲ್ಲಿ ಜೇನಿನ ಸುಗ್ಗಿ ಹೂಮಳೆಗೆ ಕಾಫಿ ಹೂ ಅರಳಿದ ಮೇಲೆ, ಬೇಸಿಗೆಯಲ್ಲಿ. ಜೂನ್ ಬಂದರೆ ಹುಳು ಹೊರಗೆ ಹೋಗುವುದಿಲ್ಲ, ಹೂವೂ ಇರುವುದಿಲ್ಲ. ಹೆಸರು ಇಲ್ಲೇ ಮುರಿಯಿತು ಅಂತ ನನಗೆ ಅನ್ನಿಸಿತ್ತು. ಲೇಖಕಿಗೆ ಹಾಗೆ ಅನ್ನಿಸಲಿಲ್ಲ. ಹೂವಿಲ್ಲದ ಮಳೆಗಾಲದಲ್ಲಿ ಪೆಟ್ಟಿಗೆಯ ಜೇನಿಗೆ ಸಕ್ಕರೆ ಪಾಕ ಕೊಡಬೇಕು. ಕೊಡದಿದ್ದರೆ ಹುಳು ಗೂಡು ಬಿಟ್ಟು ಹೋಗುತ್ತದೆ, ಇಲ್ಲವೇ ಹಸಿವಿನಿಂದ ಸಾಯುತ್ತದೆ. ಅಂದರೆ ಮಳೆ ಜೋರಾದಷ್ಟೂ ಯಾರಾದರೂ ಹೋಗಲೇಬೇಕು. ‘ಈ ಮಳೇಲಿ ಎಲ್ಲಿಗೋ?’ ಅಂತ ಅಜ್ಜಿ ಕೇಳುತ್ತಾರೆ. ‘ಜೇನಿಗೆ ಪಾಕ ಇಟ್ಟು ಬರ್ತೀನಿ ಅಜ್ಜಿ’ ಅಂತ ಮಗು ಹೇಳುತ್ತದೆ. ಆಕ್ಷೇಪವೇ ನೆಪವಾಯಿತು. ನಾನು ನೋಡಿದ ಹಸ್ತಪ್ರತಿಗಳಲ್ಲಿ ಇಷ್ಟು ಚೆನ್ನಾಗಿ ತಿರುಗಿಕೊಂಡ ತೊಡಕು ಇನ್ನೊಂದಿಲ್ಲ.

ಒಳಗಿನವರು ಏನಂತ ಕರೆಯುತ್ತಾರೆ?

ಬೋರ್ಡಿನ ಹೆಸರು ಗಟ್ಟಿಯಾದರೂ ಮಕ್ಕಳು ತಮ್ಮತಮ್ಮಲ್ಲಿ ಅದನ್ನು ಪೂರ್ತಿ ಹೇಳುವುದಿಲ್ಲ. ಲೇಖಕಿ ಒಳಗಿನ ಬಳಕೆಗೆ ಒಂದು ಗಂಭೀರವಾದ ಹೆಸರು ಇಟ್ಟಿದ್ದರು. ಪ್ರತಿಜ್ಞೆ ಮಾಡುವಾಗ ಹೇಳುವಂಥದ್ದು. ತೊಂದರೆ ಏನೆಂದರೆ ಮಕ್ಕಳ ಬಾಯಿ. ವಿರಾಜಪೇಟೆಯ ಖಾಸಗಿ ಬಸ್ಸಿನಲ್ಲಿ ಕೂತು ಇಬ್ಬರು ಮಕ್ಕಳು ಮಾತಾಡಿದರೆ ಹಿಂದಿನ ಸೀಟಿನ ನಾಲ್ಕು ಜನಕ್ಕೆ ಕೇಳಿಸುತ್ತದೆ. ಬಾಯಿ ತಪ್ಪಿ ಬಂದರೂ ಅಪಾಯವಿಲ್ಲದ ಮಾತು ಬೇಕಿತ್ತು. ‘ಗೂಡು’ ಅಂತ ಇಟ್ಟರು. ‘ನಾಳೆ ಗೂಡಿಗೆ ಬರ್ತೀಯಾ?’ ಕೇಳಿದವರಿಗೆ ಜೇನುಗೂಡು. ಆಡಿದವರಿಗೆ ತಮ್ಮ ಜಾಗ. ಎರಡೂ ನಿಜ. ಪ್ರತಿಜ್ಞೆಯ ಹೆಸರು ಒಂದೇ ಒಂದು ದೃಶ್ಯದಲ್ಲಿ ಬರುತ್ತದೆ, ಅದೂ ಬಾಗಿಲು ಮುಚ್ಚಿದ ಮೇಲೆ.

ಏನಾಯಿತು

ಹೊಸ ಕರಡನ್ನು ಓದಲು ಕೊಟ್ಟಿದ್ದು ಮಕ್ಕಳಿಗೆ. ಮೊದಲ ಅಧ್ಯಾಯಗಳಲ್ಲಿ ಜೇನು ಕೇಂದ್ರ ನಾಲ್ಕೈದು ಸಲ ಬರುತ್ತದೆ. ಹೆಚ್ಚಿನವರು ಅದನ್ನು ದಾಟಿಕೊಂಡು ಹೋದರು. ಅಂಗಡಿ, ಬಸ್ ಸ್ಟ್ಯಾಂಡು, ನ್ಯಾಯಬೆಲೆ ಅಂಗಡಿಯ ಹಾಗೆ ಅದೂ ಊರಿನ ಒಂದು ಭಾಗ ಅಂತ ಓದಿಕೊಂಡರು. ಮಾಯೆಯ ಶಾಲೆ ಎಲ್ಲಿರಬಹುದು ಅಂತ ಕೇಳಿದಾಗ ಒಬ್ಬ ಹುಡುಗ ಬೆಟ್ಟದ ಮೇಲಿನ ಹಳೆಯ ಬಂಗಲೆ ಅಂದ. ಆ ಬಂಗಲೆಗೆ ಕತೆಯಲ್ಲಿ ಏನೂ ಕೆಲಸವಿಲ್ಲ.

ಒಬ್ಬಳು ಮಾತ್ರ ಹಿಡಿದಳು. ಅವಳು ಹಿಡಿದದ್ದು ಹೆಸರನ್ನಲ್ಲ, ಸಕ್ಕರೆಯನ್ನು. ‘ಆರು ಪೆಟ್ಟಿಗೆಗೆ ಇಷ್ಟೊಂದು ಸಕ್ಕರೆ ಯಾಕೆ ಆಂಟಿ? ಅಜ್ಜ ಮೂಟೆ ಮೂಟೆ ತರ್ತಾರಲ್ಲ.’ ಒಳಗಿನ ಮಕ್ಕಳಿಗೆ ಕಾಫಿ, ಪಾಯಸ ಮಾಡುವುದಕ್ಕೆ ಬೇಕು ಅಂತ ಲೇಖಕಿ ಒಂದು ಕಡೆ ಮೂಟೆ ಇಳಿಸಿದ್ದರು. ಅಷ್ಟೇ. ಲೆಕ್ಕ ನೋಡಿರಲಿಲ್ಲ.

ತಿದ್ದುವುದಾದರೆ ಮೂಟೆ ಕಡಿಮೆ ಮಾಡಿದರೆ ಸಾಕಿತ್ತು. ನಾನು ಅದನ್ನೇ ಹೇಳಿದೆ. ಲೇಖಕಿ ಬೇಡ ಅಂದರು. ಆ ಹುಡುಗಿಯ ಪ್ರಶ್ನೆಯನ್ನೇ ಕಥಾನಾಯಕಿಯ ಬಾಯಿಗೆ ಕೊಟ್ಟರು. ಕತೆಯ ಹುಡುಗಿ ಅಂಗಡಿಯಲ್ಲಿ ಅಮ್ಮನ ಸಾಲದ ಪುಸ್ತಕ ನೋಡುವಾಗ ಮೇಲಿನ ಪುಟದಲ್ಲಿ ಜೇನು ಕೇಂದ್ರದ ಸಕ್ಕರೆ ಲೆಕ್ಕ ಕಾಣುತ್ತದೆ. ಅವಳಿಗೆ ಸಕ್ಕರೆಯ ಬೆಲೆ ಗೊತ್ತು. ಲೈನ್‌ಮನೆಯಲ್ಲಿ ಎಷ್ಟು ತಂದರೆ ಎಷ್ಟು ದಿನ ಬರುತ್ತದೆ ಅಂತ ಚೆನ್ನಾಗಿ ಗೊತ್ತು. ದೊಡ್ಡ ತೋಟದ ಮನೆಯ ಮಕ್ಕಳು ಗಮನಿಸದೇ ಇದ್ದದ್ದನ್ನು ಅವಳು ಗಮನಿಸುತ್ತಾಳೆ. ಹಾಗೆ ಅವಳು ಗೂಡಿನ ಬಾಗಿಲಿಗೆ ಬರುತ್ತಾಳೆ. ಹೆಸರು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಗುಟ್ಟು ಬಿಚ್ಚಿದ್ದು ದಿನಸಿ ಲೆಕ್ಕ. ಈ ದಾರಿ ಓದುಗರಿಗೂ ನ್ಯಾಯವಾದದ್ದು. ಎರಡನೇ ಸಲ ಓದಿದರೆ ಸಕ್ಕರೆ ಮೊದಲ ಅಧ್ಯಾಯದಿಂದಲೇ ಕಣ್ಣೆದುರು ಇರುತ್ತದೆ.

ಒಂದು ಕಡೆ ಎಲ್ಲರೂ ಒಪ್ಪಲಿಲ್ಲ. ಪ್ರಕಾಶಕರಿಗೆ ಪುಸ್ತಕದ ಮೇಲೆ ಗುರುಕುಲ ಅನ್ನುವ ಮಾತು ಬೇಕಿತ್ತು. ಜೇನು, ಗೂಡು ಇವೆಲ್ಲ ಮಾಯೆಯ ಕತೆ ಅಂತ ಹೇಳುವುದಿಲ್ಲ, ಮಕ್ಕಳು ಕೈಗೆತ್ತಿಕೊಳ್ಳುವುದಿಲ್ಲ ಅನ್ನುವುದು ಅವರ ವಾದ. ಮಾರುವವರ ಕಷ್ಟ ಅದು. ಸುಳ್ಳಲ್ಲ. ಆದರೆ ಇಂಥದ್ದೊಂದು ಕಲಿಕೆಯ ಜಾಗ ಇದೆ ಅನ್ನುವುದೇ ಮೊದಲರ್ಧದ ಗುಟ್ಟು. ಅದನ್ನು ಮುಖಪುಟದಲ್ಲೇ ಹೇಳಿದರೆ ಒಳಗೆ ಪಟ್ಟ ಕಷ್ಟವೆಲ್ಲ ದಂಡ. ಕೊನೆಗೆ ಮಾಯೆಯನ್ನು ಚಿತ್ರಕ್ಕೆ ಬಿಟ್ಟರು. ಮುಖಪುಟದಲ್ಲಿ ಗದ್ದೆಯ ಮೇಲೆ ಒಂದೇ ಕಡೆ ಮಳೆ ಬಾರದೆ ಒಣಗಿರುವ ಜಾಗ, ಅದರ ನಡುವೆ ಕೊಡೆ ಇಲ್ಲದೆ ನಿಂತ ಹುಡುಗಿ. ಹೆಸರಿನಲ್ಲಿ ಶಾಲೆಯೂ ಇಲ್ಲ, ಗುರುಕುಲವೂ ಇಲ್ಲ.

ನಿವೃತ್ತ ಸುಬೇದಾರರ ಒಂದು ಆಕ್ಷೇಪ ಮಾತ್ರ ಹಾಗೇ ಉಳಿದಿದೆ. ಗೇಟಿನಲ್ಲಿ ಒಬ್ಬರೇ ಅಜ್ಜ ಇದ್ದರೆ ಸಾಲದು, ಅವರಿಗೆ ಜ್ವರ ಬಂದ ದಿನ ಏನು ಮಾಡುತ್ತೀರಿ ಅನ್ನುತ್ತಾರೆ ಅವರು. ಎರಡನೆಯ ಭಾಗ ಆ ಜ್ವರದ ದಿನದಿಂದಲೇ ಶುರುವಾಗಲಿ ಅಂತ ಲೇಖಕಿ ಬರೆದಿಟ್ಟುಕೊಂಡಿದ್ದಾರೆ.